ಇಂದಿನ ಧಮ್ಮ ಚಿಂತನೆ: ಕೊಡದೇ ಇದ್ದುದನ್ನು ತೆಗೆದುಕೊಂಡವರ ಮುಂದೆ

ವಂದನೆಗೆ ಕೂತಾಗಲೆಲ್ಲ ನಾವು ಪಂಚಶೀಲ ಹೇಳುತ್ತೇವೆ. ಅದರಲ್ಲಿ ಎರಡನೆಯದು ಅದಿನ್ನಾದಾನದಿಂದ, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದರಿಂದ ದೂರ ಇರುವ ಶೀಲ. ನಾಲ್ಕನೆಯದು ಮುಸಾವಾದದಿಂದ, ಅಂದರೆ ಸುಳ್ಳಿನಿಂದ ದೂರ ಇರುವ ಶೀಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿಯೂ ಕದಿಯಬಾರದೆಂಬುದು, ಸುಳ್ಳಾಡಬಾರದೆಂಬುದು ಒಂದರ ಬೆನ್ನಿಗೆ ಒಂದು ಬರುತ್ತವೆ. ಇವೆರಡೂ ನಮ್ಮ ಕೈಗೆ, ನಮ್ಮ ನಾಲಿಗೆಗೆ ನಾವೇ ಹಾಕಿಕೊಂಡ ಕಟ್ಟು. ಅದು ಎಲ್ಲರಿಗೂ ಗೊತ್ತಿದೆ. ಆದರೆ ಬೇರೆಯವರು ನಮ್ಮಿಂದ ನಾವು ಕೊಡದೇ ಇದ್ದುದನ್ನು ತೆಗೆದುಕೊಂಡರೆ? ನಮ್ಮ ಬಗ್ಗೆಯೇ ಸುಳ್ಳು ಬರೆದಿಟ್ಟರೆ? ಆಗ ಶೀಲ ಪಾಲಿಸುವ ಉಪಾಸಕ, ಉಪಾಸಿಕೆ ಏನು ಮಾಡಬೇಕು? ಇವತ್ತಿನ ಚಿಂತನೆ ಇಷ್ಟರ ಮೇಲೆ.

ಇದು ಪುಸ್ತಕದಿಂದ ಎದ್ದ ಪ್ರಶ್ನೆಯಲ್ಲ. ಕಳೆದ ವೈಶಾಖ ಹುಣ್ಣಿಮೆಗೆ ನಮ್ಮ ಬಳಗದ ಎಂಟು ಜನ ಬೀದರಿನಿಂದ ಕ್ರೂಸರ್ ಮಾಡಿಕೊಂಡು ದೀಕ್ಷಾಭೂಮಿಗೆ ಹೋಗಿದ್ದೆವು. ಹೋಗಿ ಬಂದ ಮೇಲೆ ಮೂರು ಭಾನುವಾರ ನಾವು ಚರ್ಚೆ ಮಾಡಿದ್ದು ಇದನ್ನೇ. ಗ್ರೂಪಿನಲ್ಲಿ ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಒಂದು ತಿಂಗಳು ಮುಂಚೆಯೇ ಮೊಬೈಲ್ ಆ್ಯಪಿನಲ್ಲಿ ನಾಗಪುರದ ಒಂದು ಲಾಡ್ಜಿನ ಮೂರು ರೂಮು ಬುಕ್ ಮಾಡಿದ್ದೆ. ಒಂದು ರೂಮಿಗೆ ಒಂದು ರಾತ್ರಿಗೆ 1,800 ರೂಪಾಯಿ. ಎರಡು ರಾತ್ರಿಗೆ ಒಟ್ಟು 10,800. ಎಲ್ಲ ರೊಕ್ಕವನ್ನೂ ಡೆಬಿಟ್ ಕಾರ್ಡಿನಿಂದ ಮೊದಲೇ ಕಟ್ಟಿಯಾಗಿತ್ತು. ನಾಂದೇಡ, ಯವತಮಾಳ, ವರ್ಧಾ ದಾಟಿ ಲಾಡ್ಜ್ ಮುಟ್ಟಿದಾಗ ರಾತ್ರಿ 10.30. ಬಿಸಿಲಿನ ಊರು, ಆ ಹೊತ್ತಿನಲ್ಲೂ ಗೋಡೆ ಕಾದಿತ್ತು. ಕೌಂಟರಿನಲ್ಲಿದ್ದ ಮ್ಯಾನೇಜರ್ ಬುಕಿಂಗ್ ನೋಡಿ ಸರಿ ಇದೆ ಎಂದ. ಎಂಟೂ ಜನರ ಆಧಾರ್ ಕಾರ್ಡ್ ಕೇಳಿದ, ಕೊಟ್ಟೆವು. ಒಂದೊಂದಾಗಿ ನೋಡಿದ. ಹೊರಗೆ ನಿಂತಿದ್ದ ನಮ್ಮ ಗಾಡಿಯ ಕಡೆ ನೋಡಿದ. ಅದರ ಮುಂದೆ ನೀಲಿ ಬಾವುಟ ಇತ್ತು. ಯಾವ ಕಾರ್ಯಕ್ರಮಕ್ಕೆ ಬಂದಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ. ಹೇಳಿದೆವು. ಒಳಗೆ ಹೋಗಿ ಫೋನ್ ಮಾಡಿ ಬಂದು, ರೂಮುಗಳನ್ನು ಮದುವೆಯವರಿಗೆ ಕೊಟ್ಟುಬಿಟ್ಟಿದ್ದಾರೆ, ಒಂದೂ ಖಾಲಿ ಇಲ್ಲ ಎಂದ. ಅದನ್ನೇ ಬರೆದುಕೊಡಿ ಎಂದರೆ ಬರೆದುಕೊಡಲಿಲ್ಲ. ಅಲ್ಲಿಂದಲೇ ಆ್ಯಪಿನ ಸಹಾಯವಾಣಿಗೆ ಫೋನ್ ಹಚ್ಚಿದೆ. ಇಪ್ಪತ್ತು ನಿಮಿಷ ಹಾಡು ಕೇಳಿಸಿ ಲೈನ್ ಕಟ್ಟಾಯಿತು. ಆ ರಾತ್ರಿ ಒಂದು ವಿಹಾರದ ಉಪಾಸಕರು ಬಾಗಿಲು ತೆಗೆದು, ಹಾಲಿನಲ್ಲಿ ಚಾಪೆ ಹಾಸಿ, ಮಡಿಕೆಯ ತಣ್ಣೀರು ಕೊಟ್ಟರು. ಎರಡು ರಾತ್ರಿ ಅಲ್ಲೇ ಇದ್ದೆವು.

ಊರಿಗೆ ಬಂದ ಮೇಲೆ 5,400 ರೂಪಾಯಿ ಖಾತೆಗೆ ವಾಪಸು ಬಂತು. ಉಳಿದ 5,400 ಬರಲಿಲ್ಲ. ಇಮೇಲಿನಲ್ಲಿ ಕಾರಣ ಕೊಟ್ಟಿದ್ದರು: ನೋ ಶೋ. ಅಂದರೆ ಅತಿಥಿಗಳು ಬರಲೇ ಇಲ್ಲ, ಆದ್ದರಿಂದ ಮೊದಲ ರಾತ್ರಿಯ ಬಾಡಿಗೆ ಹಿಡಿದುಕೊಂಡಿದ್ದೇವೆ.

ಭಾನುವಾರ ಬಳಗದಲ್ಲಿ ಇದನ್ನು ಓದಿ ಹೇಳಿದಾಗ ಎಪ್ಪತ್ತು ದಾಟಿದ ನಮ್ಮ ಆಯಿ ಒಂದು ಮಾತು ಕೇಳಿದರು: “ನಾ ಅಲ್ಲಿ ಕುರ್ಚಿ ಮ್ಯಾಲ ಕುಂತಿದ್ದೆ, ಕುಡಿಯಾಕ ನೀರು ಕೇಳಿದ್ದೆ. ನಾವು ಬಂದೇ ಇಲ್ಲಂದ್ರ, ಕುಂತಾಕಿ ಯಾರು?”

ಕೂಡಲೇ ಎರಡು ಸಲಹೆ ಬಂದವು. ಎರಡೂ ನಮ್ಮ ಮನಸ್ಸಿನೊಳಗೆ ದಿನಾ ಹುಟ್ಟುವಂಥವೇ. ಅದಕ್ಕಾಗಿ ಎರಡನ್ನೂ ಧಮ್ಮದ ಬೆಳಕಿನಲ್ಲಿ ನೋಡೋಣ.

ಮೊದಲನೆಯದು ನಿವೃತ್ತ ಕಂಡಕ್ಟರ್ ಕಾಕಾ ಅವರದು: “ಬಿಡ್ರಿ ಅತ್ಲಾಗ. ಐದು ಸಾವಿರಕ್ಕ ಯಾಕ ಮನಸ್ಸು ಕೆಡಿಸ್ಕೋತೀರಿ? ಭಗವಾನರು ಖಂತಿ ಕಲಿಸ್ಯಾರ.” ಕಾಕಾ ನೆನಪಿಸಿದ್ದು ಅಕ್ಕೋಸಕ ಭಾರದ್ವಾಜನ ಪ್ರಸಂಗವನ್ನು. ಸಂಯುತ್ತ ನಿಕಾಯದಲ್ಲಿದೆ. ಆ ಬ್ರಾಹ್ಮಣ ಬಂದು ಭಗವಾನರನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ಭಗವಾನರು ಕೇಳುತ್ತಾರೆ, ನಿನ್ನ ಮನೆಗೆ ನೆಂಟರು, ಅತಿಥಿಗಳು ಬರುತ್ತಾರೋ? ಬರುತ್ತಾರೆ. ಅವರಿಗೆ ಊಟ ಇಡುತ್ತೀಯೋ? ಇಡುತ್ತೇನೆ. ಅವರು ತೆಗೆದುಕೊಳ್ಳದಿದ್ದರೆ ಅದು ಯಾರದು? ನನ್ನದೇ. ಹಾಗೆಯೇ ನಿನ್ನ ಬೈಗುಳವನ್ನು ನಾನು ತೆಗೆದುಕೊಳ್ಳಲಿಲ್ಲ, ಅದು ನಿನ್ನದೇ ಆಗಿ ಉಳಿಯಿತು.

ಈ ಪ್ರಸಂಗವನ್ನು ನಾವು ಅರ್ಧ ಮಾತ್ರ ಓದುತ್ತೇವೆ ಎಂದು ನನಗೆ ಅನ್ನಿಸುತ್ತದೆ. ಬೈಗುಳವನ್ನು ತೆಗೆದುಕೊಳ್ಳದೆ ಇರುವುದು ನಮ್ಮ ಕೈಯಲ್ಲಿದೆ. ಆ ಮ್ಯಾನೇಜರನ ನೋಟ, ಅವನ ದನಿ, ಅದನ್ನು ಅಲ್ಲೇ ಬಿಟ್ಟು ಬರಬಹುದು. ಮನೆಗೆ ಹೊತ್ತು ತಂದು ರಾತ್ರಿಯೆಲ್ಲ ಮೆಲುಕು ಹಾಕಬೇಕಾಗಿಲ್ಲ. ಆದರೆ ರೊಕ್ಕದ ಮಾತು ಬೇರೆ. ಅಲ್ಲಿ ಅವರು ಕೊಟ್ಟದ್ದನ್ನು ನಾವು ಬೇಡವೆಂದದ್ದಲ್ಲ. ನಾವು ಕೊಡದೇ ಇದ್ದುದನ್ನು ಅವರು ಇಟ್ಟುಕೊಂಡದ್ದು. ಒಂದು ನಿಂದೆ, ಇನ್ನೊಂದು ಅದಿನ್ನಾದಾನ. ನಿಂದೆಗೆ ಮದ್ದು ಖಂತಿ. ಅದಿನ್ನಾದಾನಕ್ಕೆ ಮದ್ದು ಲೆಕ್ಕ ಕೇಳುವುದು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಖಂತಿಯ ಹೆಸರಿನಲ್ಲಿ ನಾವು ಮಾಡುವುದು ಅಂಜಿಕೆಯ ಕೆಲಸ. ನಮ್ಮ ಹಿರಿಯರು ಎಷ್ಟೋ ತಲೆಮಾರು ಹಾಗೆ ಸುಮ್ಮನಿದ್ದರು. ಅವರ ಮೌನವನ್ನು ಯಾರೂ ಖಂತಿ ಎಂದು ಕರೆಯಲಿಲ್ಲ, ಗತಿಯಿಲ್ಲದ ಮೌನ ಎಂದೇ ಎಲ್ಲರಿಗೂ ಗೊತ್ತಿತ್ತು.

ಇನ್ನೂ ಒಂದು ಮಾತಿದೆ. ನಾವು ಬಿಟ್ಟರೆ ಅದು ನಮ್ಮಲ್ಲಿಗೆ ಮುಗಿಯುವುದಿಲ್ಲ. ನಾಳೆ ಇನ್ನೊಂದು ಗಾಡಿ ಅದೇ ಬಾಗಿಲಿಗೆ ಹೋಗುತ್ತದೆ. ಅದರಲ್ಲಿ ಇನ್ನೊಬ್ಬ ಆಯಿ ಇರುತ್ತಾಳೆ. ಆ ಗಾಡಿಯವರ ಮೇಲೆ ಕರುಣೆ ಇದ್ದರೆ ಇಲ್ಲಿ ನಾವು ಕೇಳಲೇಬೇಕು. ಆ ಲಾಡ್ಜಿನವರ ಮೇಲೆ ಮೆತ್ತಾ ಇದ್ದರೂ ಕೇಳಲೇಬೇಕು. ತಪ್ಪು ಮಾಡುವವನನ್ನು ತಪ್ಪಿನಲ್ಲೇ ಆರಾಮಾಗಿ ಇರಲು ಬಿಡುವುದು ಯಾವ ಮೈತ್ರಿ?

ಎರಡನೆಯ ಸಲಹೆ ಎಂಜಿನಿಯರಿಂಗ್ ಓದುವ ನಮ್ಮ ಹುಡುಗನದು: “ಅಕ್ಕಾ, ಒಂದೇ ಸ್ಟಾರ್ ಕೊಡೂನು. ರೂಮಿನ್ಯಾಗ ತಿಗಣಿ ಇದ್ವು ಅಂತ ಬರಿಯೂನು. ಜಾತಿ ಹೆಸರು ಹಿಡಿದು ಬೈದ್ರು ಅಂತ ಸೇರಸೂನು. ಆಗ ನೋಡ್ರಿ ಹೆಂಗ ಅಂಜತಾರ.” ಅವನ ಸಿಟ್ಟು ನ್ಯಾಯದ್ದೇ. ಆ ಹತ್ತು ನಿಮಿಷದಲ್ಲಿ ಮೂರು ರೂಮು ಹೇಗೆ ಮಾಯವಾದವು ಎಂಬ ಅನುಮಾನ ಎಂಟೂ ಜನರಿಗೆ ಇತ್ತು. ಆದರೆ ನಾವು ಆ ರೂಮನ್ನು ಕಣ್ಣಿಂದ ನೋಡಲೇ ಇಲ್ಲ, ತಿಗಣೆ ಎಲ್ಲಿಂದ ಬಂತು? ಮ್ಯಾನೇಜರನ ಬಾಯಿಂದ ಜಾತಿಯ ಹೆಸರು ಬರಲಿಲ್ಲ, ಕಿವಿ ಅದನ್ನು ಹೇಗೆ ಕೇಳಿತು? ಅವರು ನಮ್ಮ ಬಗ್ಗೆ ಸುಳ್ಳು ಬರೆದರು ಎಂದು ಹೇಳುವ ಕಾಗದದಲ್ಲಿ ನಾವೂ ಸುಳ್ಳು ಬರೆದರೆ ಆ ಕಾಗದಕ್ಕೆ ಏನು ಬೆಲೆ? ಒಂದು ಸುಳ್ಳು ಸಾಲು ಹತ್ತು ನಿಜದ ಸಾಲುಗಳನ್ನು ಮುಳುಗಿಸುತ್ತದೆ.

ಇದರ ಪೆಟ್ಟು ನಮಗಷ್ಟೇ ಬೀಳುವುದಿಲ್ಲ. ನಮ್ಮ ಜನ ಕೊಡುವ ದೌರ್ಜನ್ಯದ ದೂರುಗಳೆಲ್ಲ ಸುಳ್ಳು ಎಂದು ಹೇಳಲು ಕಾದು ಕುಳಿತವರು ಬಹಳ ಜನ. ಅವರಿಗೆ ಬೇಕಾಗಿರುವುದು ಒಂದೇ ಒಂದು ಉದಾಹರಣೆ. ಯಾವುದೋ ಹಳ್ಳಿಯಲ್ಲಿ ನಿಜವಾಗಿ ಪೆಟ್ಟು ತಿಂದು ಠಾಣೆಯ ಮೆಟ್ಟಿಲು ಹತ್ತುವ ತಾಯಿಯ ಮಾತನ್ನು ನಮ್ಮ ಒಂದು ಸುಳ್ಳು ಹಗುರ ಮಾಡುತ್ತದೆ. ಮುಸಾವಾದದಿಂದ ದೂರ ಇರುವುದು ನಮಗೆ ಬರೀ ಸ್ವಂತದ ಶೀಲವಲ್ಲ, ಅದು ಸಮುದಾಯದ ಕಾವಲು.

ಹಾಗಾದರೆ ಅನುಮಾನವನ್ನು ನುಂಗಿಬಿಡಬೇಕೇ? ಬೇಡ. ಇದಕ್ಕೆ ಬಾಬಾಸಾಹೇಬರೇ ದಾರಿ ತೋರಿಸಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಲಂಡನ್ನಿನಲ್ಲಿ ಓದಿ ಮರಳಿ, 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಆ ಊರಿನಲ್ಲಿ ಅವರಿಗೆ ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ, ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯಿತು. ಹನ್ನೊಂದನೆಯ ದಿನ ಕೋಲು ಹಿಡಿದ ಪಾರ್ಸಿಗಳ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಎಂದಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಅವರು ಇದನ್ನು ಬರೆದಿದ್ದಾರೆ. ಹೇಗೆ ಬರೆದಿದ್ದಾರೆ ಎಂಬುದನ್ನು ಗಮನಿಸಿ. ಊಟ ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ ಎಂಬುದನ್ನು ಬಿಟ್ಟಿಲ್ಲ. ಎಷ್ಟನೆಯ ದಿನ, ಎಷ್ಟು ಜನ, ಅವರ ಕೈಯಲ್ಲಿ ಏನಿತ್ತು, ಅವರು ಏನು ಕೇಳಿದರು, ತಾನು ಏನು ಉತ್ತರ ಕೊಟ್ಟೆ, ಎಲ್ಲವೂ ಇದೆ. ಉಪ್ಪು ಖಾರ ಹಚ್ಚಿಲ್ಲ. ಹಚ್ಚದೆ ಇದ್ದುದರಿಂದಲೇ ಇಷ್ಟು ವರ್ಷದ ಮೇಲೂ ಅದನ್ನು ಯಾರೂ ಅಲ್ಲಗಳೆಯಲಾರರು.

ಅದೇ ದಾರಿಯಲ್ಲಿ ನಾವು ದೂರು ಬರೆದೆವು. ಕಂಡದ್ದನ್ನೆಲ್ಲ ಬರೆದೆವು: ಆಧಾರ್ ನೋಡಿದ್ದು, ಬಾವುಟದ ಕಡೆ ನೋಡಿದ್ದು, ಕಾರ್ಯಕ್ರಮ ಯಾವುದೆಂದು ಕೇಳಿದ್ದು, ಒಳಗೆ ಹೋಗಿ ಫೋನ್ ಮಾಡಿದ್ದು, ರೂಮಿಲ್ಲ ಎಂದದ್ದು, ಒಂದೊಂದರ ಸಮಯ ಸಮೇತ. ಕಾಣದ್ದನ್ನು ಬರೆಯಲಿಲ್ಲ. ಕೊನೆಗೆ ಒಂದು ಪ್ರಶ್ನೆ ಹಾಕಿದೆವು: ಬುಕಿಂಗ್ ಸರಿ ಇದೆ ಎಂದದ್ದಕ್ಕೂ ರೂಮಿಲ್ಲ ಎಂದದ್ದಕ್ಕೂ ನಡುವಿನ ಹತ್ತು ನಿಮಿಷದಲ್ಲಿ ಏನು ಬದಲಾಯಿತು? ಬರಹದಲ್ಲಿ ಉತ್ತರಿಸಿ. ಪ್ರಾಮಾಣಿಕವಾಗಿ ಕೇಳಿದ ಪ್ರಶ್ನೆ ಮುಸಾವಾದ ಆಗುವುದಿಲ್ಲ. ಅದು ಅನುಮಾನವನ್ನು ಮುಚ್ಚಿಡುವುದೂ ಇಲ್ಲ, ಆರೋಪವಾಗಿ ಉಬ್ಬಿಸುವುದೂ ಇಲ್ಲ. ಉತ್ತರದ ಭಾರವನ್ನು ಅದು ಇರಬೇಕಾದ ಹೆಗಲ ಮೇಲೆ ಇಡುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಜಾತಿಯ ಮಾತು ಕಿವಿಗೆ ಬಿದ್ದಿದ್ದರೆ, ಜಾತಿಯ ಕಾರಣಕ್ಕೆ ಬಾಗಿಲು ಹಾಕಿದ್ದು ಎದುರಿಗೇ ಕಂಡಿದ್ದರೆ ಒಂದಕ್ಷರವನ್ನೂ ಬಿಡಬಾರದು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡದಲ್ಲಿ ಅಂಗಡಿ, ಉಪಾಹಾರ ಗೃಹಗಳ ಜೊತೆಗೆ ಹೋಟೆಲ್ ಎಂಬ ಪದವೇ ಇದೆ. ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ಹೊರಗಿಡುವಂತಿಲ್ಲ. ಬರೋಡಾದಲ್ಲಿ ತಂಗಲು ಜಾಗ ಸಿಗದೆ ರೈಲು ಹತ್ತಿ ಮುಂಬಯಿಗೆ ಮರಳಿದವರೇ ಮುಂದೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು ಎಂಬುದನ್ನು ನೆನೆದು ಆ ಸಾಲನ್ನು ಓದಬೇಕು. ಇದಕ್ಕಾಗಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಹೆಚ್ಚು ಮಾಡಿ ಹೇಳುವುದು ಹೇಗೆ ಸುಳ್ಳೋ, ಅಂಜಿ ಕಡಿಮೆ ಮಾಡಿ ಹೇಳುವುದೂ ಸತ್ಯದಿಂದ ಅಷ್ಟೇ ದೂರ.

ಅಂಗುತ್ತರ ನಿಕಾಯದಲ್ಲಿ ಒಳ್ಳೆಯ ಮಾತಿಗೆ ಐದು ಗುರುತು ಹೇಳಿದೆ. ಸಮಯಕ್ಕೆ ಸರಿಯಾಗಿ ಆಡಿದ್ದು, ನಿಜವಾದದ್ದು, ಮೃದುವಾದದ್ದು, ಪ್ರಯೋಜನ ಇರುವುದು, ಮೆತ್ತಾ ಚಿತ್ತದಿಂದ ಬಂದದ್ದು. ಇವುಗಳನ್ನು ನಾವು ಧ್ಯಾನಕ್ಕೆ, ಪ್ರವಚನಕ್ಕೆ ಇಟ್ಟುಕೊಂಡಿದ್ದೇವೆ. ಒಂದು ದೂರಿನ ಅರ್ಜಿಗೆ ಹಚ್ಚಿ ನೋಡಿ, ಒಂದೂ ವ್ಯರ್ಥವಾಗುವುದಿಲ್ಲ.

ಸಮಯಕ್ಕೆ: ಕಾರ್ಡಿನಿಂದ ಕಟ್ಟಿದ ರೊಕ್ಕಕ್ಕೆ ಸೇವೆ ಸಿಗಲಿಲ್ಲ ಎಂದು ನಮ್ಮ ಬ್ಯಾಂಕಿಗೇ ತಕರಾರು ಕೊಡಬಹುದು. ಅದಕ್ಕೆ ಗಡುವು ಇರುತ್ತದೆ, ಆದ್ದರಿಂದ ಅದೇ ವಾರ ಕೊಡಬೇಕು. ಆನ್‌ಲೈನ್ ಕಂಪನಿಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ನಿಜ: ಬುಕಿಂಗ್ ಕಾಗದ, ಇಮೇಲ್, ಗಾಡಿಯ ಟೋಲ್ ಕಟ್ಟಿದ ಸಮಯ, ಕೌಂಟರಿನಿಂದ ಸಹಾಯವಾಣಿಗೆ ಮಾಡಿದ ಕರೆಯ ದಾಖಲೆ. ಬರಲಿಲ್ಲ ಎಂಬ ಸುಳ್ಳಿಗೆ ಇವೇ ಉತ್ತರ. ಪಯಣದಲ್ಲಿ ಚೀಟಿಗಳನ್ನು ಎಸೆಯಬೇಡಿ.

ಮೃದು: ಫೋನಿನಲ್ಲಿ ಮಾತಾಡುವ ಹುಡುಗಿ ಆ ಲಾಡ್ಜಿನ ಮಾಲೀಕಳಲ್ಲ, ತಿಂಗಳ ಸಂಬಳಕ್ಕೆ ಕೂತ ಯಾರದೋ ಮಗಳು. ಅವಳನ್ನು ಬೈದು ನಮಗೆ ಏನೂ ಬರುವುದಿಲ್ಲ.

ಪ್ರಯೋಜನ: ಏನು ಬೇಕು ಎಂಬುದು ಸ್ಪಷ್ಟವಿರಲಿ. ನಾವು ಕೇಳಿದ್ದು 5,400 ರೂಪಾಯಿ ಮತ್ತು ದಾಖಲೆಯ ತಿದ್ದುಪಡಿ. ನಮ್ಮದಲ್ಲದ ಒಂದು ರೂಪಾಯಿ ಕೇಳಿದರೂ ಎರಡನೇ ಶೀಲ ನಮ್ಮ ಕಡೆಗೇ ತಿರುಗುತ್ತದೆ.

ಮೆತ್ತಾ: ಅರ್ಜಿ ಕಳಿಸುವ ಮೊದಲು ಐದು ನಿಮಿಷ ಸುಮ್ಮನೆ ಕೂತೆವು. ಆ ಮ್ಯಾನೇಜರನೂ ಸುಖವಾಗಿರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆವು. ಹುಡುಗ ಮೊದಲು ಒಪ್ಪಲಿಲ್ಲ, ಆಮೇಲೆ ಅವನೂ ಕೂತ. ಅರ್ಜಿಯಲ್ಲಿದ್ದ ಎರಡು ಕಟು ಪದಗಳನ್ನು ತಾನೇ ಅಳಿಸಿದ.

ಕಂಪನಿಯಿಂದ ಮೊದಲು ಅದೇ ನೋ ಶೋ ಉತ್ತರ ಬಂತು. ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ನೋಂದಾಯಿಸಿದೆವು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಸಿದ್ಧವಾಗಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಾಡ್ಜ್ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕಟ್ಟಿದ ಮೊತ್ತ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರೇ ಬೇಕೆಂದಿಲ್ಲ, ನಾವೇ ವಾದಿಸಬಹುದು. ಇದನ್ನು ನಿಮ್ಮ ಮನೆಯ ಮಕ್ಕಳಿಗೂ ಹೇಳಿಡಿ.

ಹತ್ತೊಂಬತ್ತನೆಯ ದಿನ 5,400 ರೂಪಾಯಿ ಖಾತೆಗೆ ಬಂತು. ಜೊತೆಗೊಂದು ಇಮೇಲ್: ನಿಮ್ಮ ಮೇಲಿನ ಸದ್ಭಾವನೆಯಿಂದ ಈ ಹಣವನ್ನು ಹಿಂದಿರುಗಿಸುತ್ತಿದ್ದೇವೆ. ಬಳಗದಲ್ಲಿ ಎಲ್ಲರಿಗೂ ಸಂತೋಷವಾಯಿತು. ಆಯಿ ಮಾತ್ರ ಕೇಳಿದರು: “ರೊಕ್ಕ ಬಂತು. ನಾವು ಬಂದಿದ್ವಿ ಅಂತ ಬರ್ದಾರೇನು?”

ಬರೆದಿರಲಿಲ್ಲ. ಆ್ಯಪಿನ ದಾಖಲೆಯಲ್ಲಿ ಇವತ್ತಿಗೂ ನಾವು ಬಾರದ ಅತಿಥಿಗಳು. ನಮ್ಮ ರೊಕ್ಕವನ್ನು ನಮಗೇ ಕೊಟ್ಟು ಅದನ್ನು ದಾನವೆಂದು ಕರೆದಿದ್ದಾರೆ. 1917ರಲ್ಲಿ ಬಾಬಾಸಾಹೇಬರು ಒಂದು ಸೂರಿಗಾಗಿ ತಮ್ಮ ಹೆಸರನ್ನು ಮುಚ್ಚಿಡಬೇಕಾಯಿತು. ಅವರ ದೆಸೆಯಿಂದ ನಾವು ನಮ್ಮ ಹೆಸರನ್ನು, ಬಾವುಟವನ್ನು, ಹೋಗುವ ಜಾಗವನ್ನು ಎದೆ ಎತ್ತಿ ಹೇಳಿದೆವು. ಹೇಳಿದ ಮೇಲೆ ಪುಸ್ತಕದಲ್ಲಿ ನಾವು ಬಂದೇ ಇಲ್ಲ ಎಂದಾದರೆ ಅದನ್ನು ಹಾಗೇ ಬಿಡಲು ಆಗುವುದಿಲ್ಲ. ಆದ್ದರಿಂದ ಎರಡನೇ ಪತ್ರ ಬರೆದಿದ್ದೇವೆ: ಹಣ ಮುಟ್ಟಿದೆ, ಅದು ನಮ್ಮದೇ ಹಣ. ಆ ರಾತ್ರಿ ನಾವು ಎಂಟು ಜನ ನಿಮ್ಮ ಕೌಂಟರಿನ ಮುಂದೆ ಇದ್ದೆವು. ದಾಖಲೆ ತಿದ್ದಿ, ನಮ್ಮ ಪ್ರಶ್ನೆಗೆ ಉತ್ತರ ಕೊಡಿ. ಈ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ತಿಂಗಳಿಗೊಮ್ಮೆ ನೆನಪೋಲೆ ಕಳಿಸುವ ಜವಾಬ್ದಾರಿಯನ್ನು ಆ ಹುಡುಗನೇ ವಹಿಸಿಕೊಂಡಿದ್ದಾನೆ. ಪ್ರತಿ ಓಲೆಯ ಕರಡನ್ನೂ ಆಯಿಗೆ ಓದಿ ಹೇಳಿ ಕಳಿಸುತ್ತಾನೆ. ಕಾಕಾ ಅಂಚೆಯ ಖರ್ಚು ತಮ್ಮದು ಎಂದಿದ್ದಾರೆ.

ಬಂಧುಗಳೇ, ಮಧ್ಯಮ ಮಾರ್ಗ ಎಂದರೆ ಅರ್ಧ ಸುಮ್ಮನಿದ್ದು ಅರ್ಧ ಕೂಗುವುದಲ್ಲ. ದ್ವೇಷವನ್ನು ಪೂರ್ತಿ ಬಿಡುವುದು, ಹಕ್ಕನ್ನು ಪೂರ್ತಿ ಹಿಡಿಯುವುದು. ಇವೆರಡೂ ಒಬ್ಬರಲ್ಲೇ, ಒಂದೇ ಹೊತ್ತಿನಲ್ಲಿ ಇರಲು ಸಾಧ್ಯ. ಅದಕ್ಕೆ ಅಭ್ಯಾಸ ಬೇಕು, ಅಷ್ಟೇ.

ಇವತ್ತಿನ ಅಭ್ಯಾಸ: ನಿಮಗೆ ಅನ್ಯಾಯವಾದ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳಿ. ಅಂಗಡಿಯದಿರಲಿ, ಕಚೇರಿಯದಿರಲಿ, ಬಸ್ಸಿನದಿರಲಿ. ಒಂದು ಹಾಳೆಯಲ್ಲಿ ಕಣ್ಣು ಕಂಡದ್ದನ್ನು, ಕಿವಿ ಕೇಳಿದ್ದನ್ನು ಮಾತ್ರ ಬರೆಯಿರಿ. ಅಂದಾಜು ಇರುವ ಕಡೆ ಪ್ರಶ್ನೆ ಬರೆಯಿರಿ. ಅಂಜಿ ಬಿಟ್ಟದ್ದು ಏನಾದರೂ ಇದ್ದರೆ ಅದನ್ನು ಸೇರಿಸಿ, ಸಿಟ್ಟಿನಲ್ಲಿ ಸೇರಿಸಿದ್ದು ಏನಾದರೂ ಇದ್ದರೆ ಅದನ್ನು ಹೊಡೆದುಹಾಕಿ. ಆ ಹಾಳೆಯನ್ನು ಐದು ಗುರುತುಗಳಿಗೆ ಹಚ್ಚಿ ನೋಡಿ. ಕಳಿಸುವ ಗಡುವು ಇನ್ನೂ ಮುಗಿದಿಲ್ಲವಾದರೆ ಇವತ್ತೇ ಕಳಿಸಿ.

ಎಲ್ಲರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.